ಕಾರಿನ ಎಕ್ಸಾಸ್ಟ್ ಬದಲಾವಣೆ ಮತ್ತು ಎಂಜಿನ್: ಕಾಸರಗೋಡಿನ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಗ್ಯಾರೇಜಿನ ಮಾತುಕತೆಯಲ್ಲಿ, ಪತ್ರಗಳಲ್ಲಿ, ವಾಟ್ಸಾಪಿನಲ್ಲಿ ಎಕ್ಸಾಸ್ಟ್ (ಎಂಜಿನ್ನಿನ ಹೊಗೆ ಹೊರಹಾಕುವ ಪೈಪುಗಳ ಸಾಲು) ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಬೇಕಾದ ಉತ್ತರವನ್ನಷ್ಟೇ ಓದಿದರೂ ಸಾಕು.

## ಮೊದಲು ತಿಳಿಯಬೇಕಾದದ್ದು

ಸೈಲೆನ್ಸರ್ ಬದಲಿಸಿದ್ರೆ ಪಿಕಪ್ ಜಾಸ್ತಿ ಆಗ್ತದಾ?

ಟರ್ಬೊ (ಹೊಗೆಯ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ) ಇಲ್ಲದ 1.2 ಲೀಟರ್ ಪೆಟ್ರೋಲ್ ಕಾರಿನಲ್ಲಿ ಹಿಂದಿನ ಸೈಲೆನ್ಸರ್ ಒಂದನ್ನೇ ಬದಲಿಸಿದರೆ ಸಿಗುವುದು ಸಾಮಾನ್ಯವಾಗಿ ಒಂದೆರಡು ಎಚ್‌ಪಿ (ಅಶ್ವಶಕ್ತಿ), ಅದೂ 5,000 ಆರ್‌ಪಿಎಮ್ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ದಾಟಿದ ಮೇಲೆ. ಬದಿಯಡ್ಕ–ಪೆರ್ಲ ರಸ್ತೆಯಲ್ಲಿ ಓಡಾಡುವಾಗ ಎಂಜಿನ್ ಬಹುಪಾಲು 1,500ರಿಂದ 3,000ದ ನಡುವೆ ತಿರುಗುತ್ತದೆ. ಅಲ್ಲಿ ವ್ಯತ್ಯಾಸ ಲೆಕ್ಕಕ್ಕಿಲ್ಲ. ಶಬ್ದ ಜೋರಾದಾಗ ಕಾರು ಚುರುಕಾದಂತೆ ಅನಿಸುತ್ತದೆ, ಕಾಲೂ ತಾನಾಗಿ ಹೆಚ್ಚು ಒತ್ತುತ್ತದೆ. ಪಿಕಪ್ ಸಾಲುತ್ತಿಲ್ಲ ಎಂದು ಸೈಲೆನ್ಸರಿಗೆ ಕೈಹಾಕುವವರು ಮೊದಲು ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಕ್ಲಚ್, ಟೈರಿನ ಗಾಳಿ, ಹಿಡಿದುಕೊಂಡಿರುವ ಬ್ರೇಕ್ ಇವಿಷ್ಟನ್ನು ನೋಡಬೇಕು. ಹಳೆಯ ಕಾರಿನಲ್ಲಿ ಕಳೆದುಹೋದ ಎಳೆತ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ಎಕ್ಸಾಸ್ಟಲ್ಲಿ ಎಂತೆಲ್ಲ ಉಂಟು? ಯಾವುದನ್ನು ಮುಟ್ಟಿದ್ರೆ ಎಂತಾಗ್ತದೆ?

ಎಂಜಿನ್ ಕಡೆಯಿಂದ ಬಂದರೆ ಮೊದಲು ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡ್, ಅದಕ್ಕೆ ಅಂಟಿಕೊಂಡಂತೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್), ಅದರ ಮುಂದೊಂದು ಹಿಂದೊಂದು ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್, ನಂತರ ಅಲುಗಾಡುವ ಫ್ಲೆಕ್ಸ್ ಪೈಪ್, ನಡುವೆ ಗುಂಯ್‌ಗುಡುವ ಶಬ್ದ ತಗ್ಗಿಸುವ ರೆಸೊನೇಟರ್, ಕೊನೆಗೆ ಸೈಲೆನ್ಸರ್ ಮತ್ತು ಬಾಲದ ಪೈಪ್. ಎಂಜಿನ್ನಿಗೆ ಹತ್ತಿರವಾದಷ್ಟೂ ಬದಲಾವಣೆಯ ಪರಿಣಾಮ ದೊಡ್ಡದು, ಹಾಳಾಗುವ ಸಾಧ್ಯತೆಯೂ ದೊಡ್ಡದು. ಸೈಲೆನ್ಸರ್ ಬದಲಿಸಿದರೆ ಹೆಚ್ಚಾಗಿ ಬದಲಾಗುವುದು ಶಬ್ದ. ರೆಸೊನೇಟರ್ ತೆಗೆದರೆ ಒಳಗೆ ಕೂತವರ ತಲೆನೋವು. ಕ್ಯಾಟ್ ಅಥವಾ ಮ್ಯಾನಿಫೋಲ್ಡ್ ಮುಟ್ಟಿದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯುವಿನ ನಡವಳಿಕೆಯೇ ಬದಲಾಗುತ್ತದೆ.

ಬ್ಯಾಕ್‌ಪ್ರೆಷರ್ ಇಲ್ಲದಿದ್ರೆ ಎಂಜಿನ್ ಎಳೆಯೋದಿಲ್ಲ ಅಂತಾರೆ, ಹೌದಾ?

ಇಲ್ಲ. ಹೊಗೆಯನ್ನು ಹಿಂದಕ್ಕೆ ಒತ್ತುವ ಒತ್ತಡದಿಂದ ಎಂಜಿನ್ನಿಗೆ ಲಾಭವಿಲ್ಲ. ಪಿಸ್ಟನ್ ಅದರ ವಿರುದ್ಧ ದುಡಿಯಬೇಕಾಗುತ್ತದೆ. ಬೇಕಾದದ್ದು ಹೊಗೆಯ ವೇಗ. ಒಂದು ಸಿಲಿಂಡರಿನ ಹೊಗೆ ಪೈಪಿನಲ್ಲಿ ವೇಗವಾಗಿ ಹೋದಾಗ ಅದರ ಬೆನ್ನಿಗೆ ಕಡಿಮೆ ಒತ್ತಡದ ಜಾಗ ಉಂಟಾಗುತ್ತದೆ. ಇನ್ನೊಂದು ಸಿಲಿಂಡರಿನ ವಾಲ್ವ್ ತೆರೆಯುವ ಹೊತ್ತಿಗೆ ಆ ಜಾಗ ಅಲ್ಲಿಗೆ ತಲುಪಿದರೆ, ಒಳಗೆ ಉಳಿದ ಹೊಗೆಯನ್ನು ಎಳೆದು ಹೊರಹಾಕುತ್ತದೆ, ಹೊಸ ಗಾಳಿಗೆ ಜಾಗ ಸಿಗುತ್ತದೆ. ಇದಕ್ಕೆ ಸ್ಕ್ಯಾವೆಂಜಿಂಗ್ ಎನ್ನುತ್ತಾರೆ. ಪೈಪ್ ಅಗಲವಾದರೆ ವೇಗ ಇಳಿಯುತ್ತದೆ, ಕೆಳಗಿನ ಆರ್‌ಪಿಎಮ್‌ನಲ್ಲಿ ಈ ಎಳೆತ ಹೋಗುತ್ತದೆ. ಅದನ್ನು ಕಂಡವರು ಒತ್ತಡ ಕಡಿಮೆಯಾದದ್ದೇ ಕಾರಣ ಎಂದುಕೊಂಡರು. ಮಾತು ಹಾಗೇ ಹಬ್ಬಿತು.

ಎಷ್ಟು ಇಂಚಿನ ಪೈಪ್ ಹಾಕ್ಬೇಕು?

ಲೆಕ್ಕ ಹಾಕಿಯೇ ನೋಡೋಣ. 1.2 ಲೀಟರ್ ಎಂಜಿನ್ 6,000 ಆರ್‌ಪಿಎಮ್‌ನಲ್ಲಿ ಪೂರ್ತಿ ಒತ್ತಿದಾಗ ಸೆಕೆಂಡಿಗೆ ಸುಮಾರು 60 ಲೀಟರ್ ಗಾಳಿ ಎಳೆಯುತ್ತದೆ. ಹೊಗೆ 600 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಅದೇ ಗಾಳಿ ಉಬ್ಬಿ ಸುಮಾರು 170 ಲೀಟರ್ ಆಗುತ್ತದೆ. ಪೈಪಿನ ದಪ್ಪ 1.5 ಮಿ.ಮೀ. ಎಂದಿಟ್ಟುಕೊಂಡರೆ, ಒಂದೂಮುಕ್ಕಾಲು ಇಂಚಿನ ಪೈಪಿನಲ್ಲಿ ಹೊಗೆಯ ವೇಗ ಸೆಕೆಂಡಿಗೆ ಸುಮಾರು 125 ಮೀಟರ್, ಎರಡು ಇಂಚಿನಲ್ಲಿ 95, ಎರಡೂವರೆ ಇಂಚಿನಲ್ಲಿ 60. ಅದೇ ಎಂಜಿನ್ 2,500ರಲ್ಲಿದ್ದರೆ ಎರಡೂವರೆ ಇಂಚಿನ ಪೈಪಿನಲ್ಲಿ ಬರೇ 25 ಮೀಟರ್.

ಹಾಗಾಗಿ 100 ಎಚ್‌ಪಿ ತನಕ ಒಂದೂಮುಕ್ಕಾಲರಿಂದ ಎರಡು ಇಂಚು, 150ರ ತನಕ ಎರಡರಿಂದ ಎರಡೂಕಾಲು, 200ರ ಸುತ್ತ ಎರಡೂವರೆ ಇಂಚು ಸಾಕು. ಮೂರು ಇಂಚಿನ ಪೈಪ್ 300 ಎಚ್‌ಪಿಯ ಕಾರುಗಳಿಗೆ. ಸಣ್ಣ ಹ್ಯಾಚ್‌ಬ್ಯಾಕಿಗೆ ಅದನ್ನು ಹಾಕಿದರೆ ತೂಕ ಮತ್ತು ಶಬ್ದ ಮಾತ್ರ ಹೆಚ್ಚುತ್ತವೆ, ರಸ್ತೆಯ ಹಂಪ್‌ಗೆ ತಾಗುವ ಸಾಧ್ಯತೆ ಬೇರೆ. ವೇಗದ ಮಹತ್ವ ಹೆಚ್ಚಿರುವುದು ಮ್ಯಾನಿಫೋಲ್ಡಿನಿಂದ ಕ್ಯಾಟ್‌ವರೆಗೆ. ಅಲ್ಲಿಂದ ಹಿಂದಕ್ಕೆ ಕಾಲು ಇಂಚು ಆಚೆ ಈಚೆ ಆದರೆ ಎಳೆತಕ್ಕೆ ಏನೂ ಆಗುವುದಿಲ್ಲ.

ಮೈಲೇಜ್ ಹೆಚ್ಚಾಗ್ತದಾ?

ಇಲ್ಲ. ನಿಧಾನವಾಗಿ ಓಡುವಾಗ ಹೊಗೆಯ ಪ್ರಮಾಣವೇ ಕಡಿಮೆ, ಕಂಪನಿಯ ಪೈಪ್ ಅದಕ್ಕೆ ಧಾರಾಳ ಸಾಕು. ಮೈಲೇಜ್ ಇಳಿದರೆ ಮಾತ್ರ ಎಚ್ಚರವಾಗಿ; ಎಲ್ಲೋ ಸೋರಿಕೆ ಇರಬಹುದು.

## ಕಾನೂನು, ಹೊಗೆ ಟೆಸ್ಟ್

ಕೇರಳದಲ್ಲಿ ಮಾತ್ರ ಇಷ್ಟು ಕಟ್ಟುನಿಟ್ಟಾ? ತಲಪಾಡಿ ಗಡಿ ದಾಟಿದ್ರೆ ತೊಂದರೆ ಇಲ್ಲ ಅಲ್ವಾ?

ಕಾಸರಗೋಡಿನ ಕೆಎಲ್ 14 ಆಗಲಿ ಮಂಗಳೂರಿನ ಕೆಎ 19 ಆಗಲಿ, ಎರಡಕ್ಕೂ 1988ರ ಮೋಟಾರು ವಾಹನ ಕಾಯ್ದೆಯೇ ಅನ್ವಯ. ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ(4)ರ ಪ್ರಕಾರ ಮಾಲೀಕರಿಗೆ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ ಅಥವಾ ಎರಡೂ ಬೀಳಬಹುದು. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 190(2): 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸಜೆ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತು. ಕೇರಳದ ಮೋಟಾರು ವಾಹನ ಇಲಾಖೆ ಇದನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ, ಅಷ್ಟೇ ವ್ಯತ್ಯಾಸ.

ಒಂಬತ್ತು ಸೀಟಿನೊಳಗಿನ ಪ್ರಯಾಣಿಕ ಕಾರು ತಯಾರಾಗುವಾಗ ಪಾಲಿಸಬೇಕಾದ ಶಬ್ದದ ಮಿತಿ 74 ಡೆಸಿಬೆಲ್. ಕಂಪನಿಯದ್ದೇ ಅಳತೆಯ ಬದಲಿ ಸೈಲೆನ್ಸರ್ ಹಾಕಿದರೆ ಯಾರೂ ಕೇಳುವುದಿಲ್ಲ. ಕ್ಯಾಟ್ ತೆಗೆದ, ಊರೆಲ್ಲ ಕೇಳುವ ಪೈಪ್ ಸಾರ್ವಜನಿಕ ರಸ್ತೆಗೆ ಸಲ್ಲದು. ಅಪಘಾತವಾದರೆ, ತಿಳಿಸದೆ ಮಾಡಿದ ಬದಲಾವಣೆಯನ್ನು ಹಿಡಿದು ವಿಮೆಯವರು ತಕರಾರು ಎತ್ತಲೂಬಹುದು.

ಹೊಗೆ ಟೆಸ್ಟ್ ಪಾಸಾದ್ರೆ ಸಾಕಲ್ವಾ?

ಬಿಎಸ್4 ಮತ್ತು ಬಿಎಸ್6 (ಭಾರತ್ ಸ್ಟೇಜ್ ಹೊಗೆ ಮಾನದಂಡ) ಪೆಟ್ರೋಲ್ ಕಾರಿಗೆ ಐಡಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಕಾರ್ಬನ್ ಮೊನಾಕ್ಸೈಡ್ 0.3 ಶೇಕಡಾ, ಹೈಡ್ರೊಕಾರ್ಬನ್ 200 ಪಿಪಿಎಮ್ ಮೀರಬಾರದು. 2,500 ಆರ್‌ಪಿಎಮ್ ಸುತ್ತ ಮೊನಾಕ್ಸೈಡ್ 0.2 ಶೇಕಡಾ, ಗಾಳಿ–ಪೆಟ್ರೋಲ್ ಅನುಪಾತ ತೋರಿಸುವ ಲ್ಯಾಂಬ್ಡಾ 0.97ರಿಂದ 1.03ರೊಳಗೆ ಇರಬೇಕು. ಕ್ಯಾಟ್ ಇಲ್ಲದ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಮೊನಾಕ್ಸೈಡ್ 0.5ರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲೆ ನಿಲ್ಲುತ್ತದೆ, ನೇರವಾಗಿ ಫೇಲ್. ಇನ್ನು ಕ್ಯಾಟ್ ಇದ್ದೂ ಪೈಪ್ ಸೋರುತ್ತಿದ್ದರೆ ಹೊರಗಿನ ಗಾಳಿ ಸೇರಿ ಲ್ಯಾಂಬ್ಡಾ 1.03 ದಾಟುತ್ತದೆ, ಎಂಜಿನ್ನಿನಲ್ಲಿ ದೋಷವಿಲ್ಲದೆಯೂ ಫೇಲ್ ಆಗುವುದು ಹೀಗೆ. ಪಾಸಾದ ಸರ್ಟಿಫಿಕೇಟ್ ಹೊಗೆಗೆ ಮಾತ್ರ. ಪೈಪ್ ಬದಲಿಸಿದ್ದಕ್ಕೆ ಅದು ಅನುಮತಿಯಲ್ಲ.

## ಮಳೆ, ಉಪ್ಪುಗಾಳಿ, ಲೋಹ

ಸೈಲೆನ್ಸರ್ ಎರಡು ಮೂರು ಮಳೆಗಾಲಕ್ಕೇ ತೂತಾಗ್ತದೆ, ಯಾವ ಲೋಹ ಹಾಕ್ಬೇಕು?

ತುಕ್ಕು ಎರಡು ಕಡೆಯಿಂದ ತಿನ್ನುತ್ತದೆ. ಹೊರಗಿನಿಂದ ಕಡಲ ಉಪ್ಪುಗಾಳಿ ಮತ್ತು ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಒಳಗಿನಿಂದ ಎಂಜಿನ್ನಿನದ್ದೇ ನೀರು: ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊರಡುತ್ತದೆ. ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಸೈಲೆನ್ಸರ್ ಬಿಸಿಯಾಗುವುದೇ ಇಲ್ಲ, ಆವಿ ಒಳಗೇ ನೀರಾಗಿ ನಿಲ್ಲುತ್ತದೆ, ಹೊಗೆಯ ಆಮ್ಲವೂ ಅದರಲ್ಲಿ ಕರಗುತ್ತದೆ. ಸೈಲೆನ್ಸರಿನ ತಳದಲ್ಲಿರುವ ಸಣ್ಣ ತೂತು ಆ ನೀರು ಹೋಗಲಿಕ್ಕೇ ಇರುವುದು. ಅದನ್ನು ಸೋರಿಕೆ ಎಂದು ವೆಲ್ಡ್ ಮಾಡಿ ಮುಚ್ಚಿಸಬೇಡಿ.

ಸಾದಾ ಕಬ್ಬಿಣದ ಪೈಪ್ ಅಗ್ಗ, ಆದರೆ ಇಲ್ಲಿಗೆ ಆಗದು. ಕಂಪನಿಯವರು ಹೆಚ್ಚಾಗಿ ಬಳಸುವುದು ಸುಮಾರು 11 ಶೇಕಡಾ ಕ್ರೋಮಿಯಂ ಇರುವ 409 ಸ್ಟೀಲ್. ಮೇಲ್ಮೈ ಕಂದಾಗುತ್ತದೆ, ಬೇಗ ತೂತಾಗುವುದಿಲ್ಲ. ಹೊಸದಾಗಿ ಮಾಡಿಸುವುದಾದರೆ 304 ಸ್ಟೀಲ್ ಕೇಳಿ: 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕೆಲ್, ಗೋಡೆಯ ದಪ್ಪ 1.5 ಮಿ.ಮೀ. ಅಯಸ್ಕಾಂತ ಹಿಡಿದು ನೋಡಿ. 304ಕ್ಕೆ ಅದು ಅಂಟುವುದಿಲ್ಲ, ಬಾಗಿಸಿದ ಕಡೆ ಸ್ವಲ್ಪ ಸೆಳೆಯಬಹುದು. ಗಟ್ಟಿಯಾಗಿ ಅಂಟಿದರೆ ನಿಮಗೆ ಮಾರಿದ್ದು ಬೇರೆ ಲೋಹ. ಉಪ್ಪಳ, ಕುಂಬಳೆಯಂಥ ಕಡಲ ಬದಿಯ ಊರಿನಲ್ಲಿ 304ರ ಮೇಲೂ ಕಂದು ಕಲೆ ಬರುತ್ತದೆ. ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ತೊಳೆದರೆ ಸಾಕು.

ರಸ್ತೆಯಲ್ಲಿ ನೀರು ತುಂಬಿ ಸೈಲೆನ್ಸರ್ ಮುಳುಗಿದ್ರೆ?

30 ಸೆಂ.ಮೀ. ನೀರಿನ ಒತ್ತಡ ಬರೇ 0.03 ಬಾರ್. ಓಡುತ್ತಿರುವ ಎಂಜಿನ್ ಅದನ್ನು ಸುಲಭವಾಗಿ ತಳ್ಳುತ್ತದೆ. ಅಪಾಯ ಇರುವುದು ಮುಂದಿನ ಗಾಳಿ ಎಳೆಯುವ ಬಾಯಿಯಲ್ಲಿ. ಅಲ್ಲಿಂದ ನೀರು ಸಿಲಿಂಡರಿಗೆ ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ತಳ್ಳಿ ಹೊರಗೆ ತನ್ನಿ, ಏರ್ ಫಿಲ್ಟರ್ ಒದ್ದೆಯಾಗಿದೆಯೇ ನೋಡಿ.

## ಕೆಲಸ ಮಾಡಿಸುವಾಗ

ವೆಲ್ಡಿಂಗ್ ಶಾಪಿನಲ್ಲಿ ಎಂತ ನೋಡ್ಬೇಕು?

ಕಾರಿಗೆ ತೊಡಿಸಿಯೇ ವೆಲ್ಡ್ ಮಾಡುವುದಾದರೆ ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಬೇಕು, ಆಕ್ಸಿಜನ್ ಸೆನ್ಸರ್ ಕಳಚಬೇಕು, ಅರ್ಥ್ ಕ್ಲ್ಯಾಂಪನ್ನು ವೆಲ್ಡಿನ ಪಕ್ಕದಲ್ಲೇ ಪೈಪಿಗೆ ಹಾಕಬೇಕು. ದೂರದಲ್ಲಿ ಕಾರಿನ ಬಾಡಿಯ ಮೇಲೆ ಹಾಕಿದರೆ ಕರೆಂಟ್ ಎಂಜಿನ್ನಿನ ಬೇರಿಂಗ್, ಇಸಿಯು ಮೂಲಕ ದಾರಿ ಹುಡುಕಬಹುದು. ಟ್ಯಾಕ್ (ಹಿಡಿದಿಡಲು ಹಾಕುವ ಚುಕ್ಕೆ ವೆಲ್ಡ್) ಮಾತ್ರ ಕಾರಿನಲ್ಲಿ, ಪೂರ್ತಿ ವೆಲ್ಡ್ ಕೆಳಗಿಳಿಸಿ ಎನ್ನುವ ಕೆಲಸಗಾರ ಸಿಕ್ಕಿದರೆ ಅವರ ಹತ್ತಿರವೇ ಮಾಡಿಸಿ.

304ನ್ನು ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಮಾಡುವ ಟಿಗ್ ವೆಲ್ಡಿಂಗಿನಲ್ಲಿ 308ಎಲ್ ಕಂಬಿಯಿಂದ ಸೇರಿಸಬೇಕು. 304ನ್ನು ಸಾದಾ ಕಬ್ಬಿಣಕ್ಕೆ ಸೇರಿಸುವುದಾದರೆ 309ಎಲ್. ವೆಲ್ಡ್ ಮಾಡುವಾಗ ಪೈಪಿನ ಒಳಗೂ ಆರ್ಗಾನ್ ಹರಿಯಬೇಕು. ಇಲ್ಲದಿದ್ದರೆ ಒಳಬದಿಯಲ್ಲಿ ಕಪ್ಪಗೆ ಹರಳುಗಟ್ಟಿದ ಪದರ ಬರುತ್ತದೆ, ಮುಂದೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಬಿಸಿಗೆ ಹಿಗ್ಗಲಿಕ್ಕೂ ಜಾಗ ಬೇಕು. ಒಂದು ಮೀಟರ್ ಉದ್ದದ 304 ಪೈಪ್ 400 ಡಿಗ್ರಿ ಬಿಸಿಯೇರಿದರೆ ಸುಮಾರು 7 ಮಿ.ಮೀ. ಉದ್ದವಾಗುತ್ತದೆ. ಖರ್ಚು ಉಳಿಸಲು ಫ್ಲೆಕ್ಸ್ ಪೈಪ್ ಬಿಟ್ಟರೆ ಆ ಎಳೆದಾಟವೂ ಎಂಜಿನ್ನಿನ ಅಲುಗಾಟವೂ ಸೇರಿ ಮ್ಯಾನಿಫೋಲ್ಡ್ ಬಿರುಕು ಬಿಡುತ್ತದೆ. ಬ್ರೇಕ್ ಪೈಪ್, ಪೆಟ್ರೋಲ್ ಪೈಪ್, ಟ್ಯಾಂಕಿನ ಹತ್ತಿರ ಕಂಪನಿಯ ಹೀಟ್ ಶೀಲ್ಡ್ ಇರಲೇಬೇಕು. ಬಾಲದ ಪೈಪ್ ಬಂಪರಿನ ಅಂಚಿನಿಂದ ಹೊರಗೆ ಬರಬೇಕು. ಕಾರಿನಡಿಯಲ್ಲಿ ನಿಂತರೆ ಹೊಗೆ ಒಳಗೆ ಸೇರುತ್ತದೆ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಎಸಿ ಹಾಕಿ ಮಲಗಿದವರಿಗೆ ಗೊತ್ತಾಗುವುದೂ ಇಲ್ಲ.

ಹೆಡರ್ ಹಾಕಿಸಿದ ಮೇಲೆ ಟಿಕ್ ಟಿಕ್ ಶಬ್ದ, ಮೈಲೇಜೂ ಇಳಿಯಿತು. ಎಂತ ಆಗಿರಬಹುದು?

ಹೆಡರ್ ಅಂದರೆ ಕಂಪನಿಯ ಮ್ಯಾನಿಫೋಲ್ಡಿನ ಬದಲು ಹಾಕುವ, ಸಿಲಿಂಡರಿಗೊಂದರಂತೆ ಬರುವ ಪೈಪುಗಳ ಜೋಡಣೆ. ಹೆಚ್ಚಾಗಿ ಅದು ಎಂಜಿನ್ನಿಗೆ ಸೇರುವ ಕಡೆಯ ಗ್ಯಾಸ್ಕೆಟಿನಲ್ಲಿ ಸೋರಿಕೆ. ಹೊಗೆ ಸಿಡಿಸಿಡಿಯಾಗಿ ಬರುತ್ತದೆ. ಎರಡು ಸಿಡಿತಗಳ ನಡುವೆ ಪೈಪಿನೊಳಗೆ ಒತ್ತಡ ಇಳಿದಾಗ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಮೊದಲ ಆಕ್ಸಿಜನ್ ಸೆನ್ಸರ್ ಅದನ್ನು ಕಂಡು ಪೆಟ್ರೋಲ್ ಕಡಿಮೆಯಾಯಿತು ಎಂದು ಹೇಳುತ್ತದೆ, ಇಸಿಯು ನಂಬಿ ಹೆಚ್ಚು ಸುರಿಯುತ್ತದೆ. ಓಬಿಡಿ ಸ್ಕ್ಯಾನರ್ (ಇಸಿಯು ಮಾಹಿತಿ ಓದುವ ಉಪಕರಣ) ಹಾಕಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡಿದೆ ಎನ್ನುವ ಅಂಕಿ ನೋಡಿ. ಪ್ಲಸ್ ಮೈನಸ್ ಐದರ ಒಳಗಿದ್ದರೆ ಸರಿ. ಐಡಲಿಂಗ್‌ನಲ್ಲಿ ಪ್ಲಸ್ ಹತ್ತು ದಾಟಿ, ಆರ್‌ಪಿಎಮ್ ಏರಿಸಿದಾಗ ಇಳಿದರೆ ಸೋರಿಕೆಯ ಅನುಮಾನ ಬಲವಾಗುತ್ತದೆ. ಗಾಳಿ ಎಳೆಯುವ ಕಡೆಯ ವ್ಯಾಕ್ಯೂಮ್ ಸೋರಿಕೆಯೂ ಇದೇ ಗುರುತು ಕೊಡುತ್ತದೆ, ಅದನ್ನೂ ನೋಡಿ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಬಾಲದ ಪೈಪನ್ನು ದಪ್ಪ ಬಟ್ಟೆಯಿಂದ ಅರೆ ನಿಮಿಷ ಒತ್ತಿಹಿಡಿದು, ಜೋಡಣೆಗಳಿಗೆ ಸಾಬೂನು ನೀರು ಹಾಕಿದರೆ ಗುಳ್ಳೆ ಎದ್ದ ಕಡೆಯೇ ತೂತು.

ಎಂಟು ಮಿ.ಮೀ. ಸ್ಟಡ್‌ಗಳಿಗೆ ಸಾಮಾನ್ಯ ಬಿಗಿ 20ರಿಂದ 25 ನ್ಯೂಟನ್ ಮೀಟರ್. ಕಂಪನಿಯ ಮ್ಯಾನ್ಯುವಲಿನಲ್ಲಿ ಬೇರೆ ಇದ್ದರೆ ಅದೇ ಸರಿ. ನಡುವಿನಿಂದ ಶುರುಮಾಡಿ ಹೊರಕ್ಕೆ ಹೋಗಿ, ನಾಲ್ಕೈದು ಸಲ ಬಿಸಿಯಾಗಿ ತಣಿದ ಮೇಲೆ ಇನ್ನೊಮ್ಮೆ ನೋಡಿ. ಸಿಲಿಕೋನ್ ಅಂಟು ಹಚ್ಚುವ ಅಭ್ಯಾಸ ಕೆಲವು ಕಡೆ ಉಂಟು. ಅದರ ಆವಿ ಆಕ್ಸಿಜನ್ ಸೆನ್ಸರನ್ನು ಶಾಶ್ವತವಾಗಿ ಹಾಳುಮಾಡುತ್ತದೆ.

ಹೆದ್ದಾರಿಯಲ್ಲಿ 80–90ರ ವೇಗಕ್ಕೆ ಕಿವಿ ಗುಂಯ್ ಅಂತದೆ, ಹೇಗೆ ನಿಲ್ಲಿಸುವುದು?

ಎಂಜಿನ್ ಉರಿತದ ತಾಳ ಕಾರಿನ ಒಳಜಾಗದ ಕಂಪನಕ್ಕೆ ಹೊಂದಿಕೊಂಡಾಗ ಹೀಗಾಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 2,500 ಆರ್‌ಪಿಎಮ್‌ನಲ್ಲಿ ಸೆಕೆಂಡಿಗೆ ಸುಮಾರು 83 ಸಲ ಉರಿಯುತ್ತದೆ, ಮೂರು ಸಿಲಿಂಡರಿನದ್ದು 62 ಸಲ. ಮೊದಲ ಪರಿಹಾರ, ತೆಗೆದ ರೆಸೊನೇಟರನ್ನು ವಾಪಸ್ ಹಾಕುವುದು. ಅದೂ ಸಾಲದಿದ್ದರೆ ಪೈಪಿಗೆ ಬಾಯಿ ಮುಚ್ಚಿದ ಒಂದು ಕವಲು ಸೇರಿಸಬೇಕು. ಉದ್ದದ ಲೆಕ್ಕ: ಹೊಗೆಯಲ್ಲಿ ಶಬ್ದದ ವೇಗವನ್ನು ಸೆಕೆಂಡಿನ ಕಂಪನ ಸಂಖ್ಯೆಯ ನಾಲ್ಕು ಪಟ್ಟಿನಿಂದ ಭಾಗಿಸಿ. 300 ಡಿಗ್ರಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 480 ಮೀಟರ್. ಹಾಗಾಗಿ ನಾಲ್ಕು ಸಿಲಿಂಡರಿಗೆ 1.44 ಮೀಟರ್, ಮೂರಕ್ಕೆ 1.92 ಮೀಟರ್. ಕವಲಿನ ಒಳಗೆ ಹೊಗೆ ತಣ್ಣಗಿರುವುದರಿಂದ ಕೈಗೆ ಬರುವ ಉದ್ದ ಸ್ವಲ್ಪ ಕಡಿಮೆ. ಒಂದರೊಳಗೊಂದು ಜಾರುವ ಸ್ಲಿಪ್ ಜೋಡಣೆ ಇಟ್ಟು, ಹೊಂದಿಸಿ ನೋಡಿ, ಆಮೇಲೆ ವೆಲ್ಡ್ ಮಾಡಿಸಿ. ಸಣ್ಣ ಕಾರಿನಡಿಯಲ್ಲಿ ಎರಡು ಮೀಟರ್ ಪೈಪಿಗೆ ಜಾಗ ಹುಡುಕುವುದೇ ದೊಡ್ಡ ಕೆಲಸ, ಅದಕ್ಕೇ ರೆಸೊನೇಟರ್ ಬಿಸಾಡಬೇಡಿ ಎನ್ನುವುದು.

ಹಳೇ ಕಾರು, 3,000 ದಾಟಿದ ಮೇಲೆ ಏರುವುದೇ ಇಲ್ಲ. ಎಕ್ಸಾಸ್ಟ್ ಬ್ಲಾಕ್ ಆಗಿದೆಯಾ ಅಂತ ಹೇಗೆ ಗೊತ್ತಾಗ್ತದೆ?

ಮೊದಲ ಆಕ್ಸಿಜನ್ ಸೆನ್ಸರ್ ತೆಗೆದು ಆ ತೂತಿಗೆ ಒತ್ತಡದ ಗೇಜ್ ಹಾಕಿ. ಆ ತೂತಿನ ಸ್ಕ್ರೂ ಎಳೆ (ಥ್ರೆಡ್) ಬಹುಪಾಲು ಕಾರುಗಳಲ್ಲಿ 18 ಮಿ.ಮೀ., 1.5 ಪಿಚ್. ನಿಂತಲ್ಲೇ 2,500 ಆರ್‌ಪಿಎಮ್‌ಗೆ ಏರಿಸಿದಾಗ 3 ಪಿಎಸ್‌ಐ, ಅಂದರೆ ಸುಮಾರು 0.2 ಬಾರ್ ದಾಟಿದರೆ ತಡೆ ಇದೆ ಎಂದೇ ಅರ್ಥ. ಹೆಚ್ಚಾಗಿ ಕ್ಯಾಟಿನ ಒಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗಿ ಮುಚ್ಚಿರುತ್ತದೆ. ಹೊಸ ಕ್ಯಾಟ್ ಹಾಕುವ ಮೊದಲು ಅದು ಕರಗಿದ್ದು ಯಾಕೆ ಎಂದು ಹುಡುಕಿ: ಮಿಸ್‌ಫೈರ್ ಆಗುವ ಪ್ಲಗ್ ಅಥವಾ ಕಾಯಿಲ್, ಆಯಿಲ್ ಉರಿಸುವ ಎಂಜಿನ್. ಕಾರಣ ಹಾಗೇ ಉಳಿದರೆ ಹೊಸದೂ ಕರಗುತ್ತದೆ.

## ಇನ್ನೂ ಮುಂದಕ್ಕೆ

4-2-1 ಹೆಡರ್ ಒಳ್ಳೇದಾ, 4-1 ಒಳ್ಳೇದಾ?

ಊರಿನ ರಸ್ತೆಗೆ 4-2-1. ಅದರಲ್ಲಿ ನಾಲ್ಕು ಪೈಪು ಮೊದಲು ಎರಡಾಗಿ, ಆಮೇಲೆ ಒಂದಾಗುತ್ತವೆ; 4-1ರಲ್ಲಿ ನಾಲ್ಕೂ ಒಮ್ಮೆಲೇ ಒಂದಾಗುತ್ತವೆ. ಸಿಲಿಂಡರ್ ಉರಿಯುವ ಕ್ರಮ 1-3-4-2 ಆದ್ದರಿಂದ 1–4, 2–3 ಜೋಡಿ ಮಾಡುತ್ತಾರೆ. ನಡು ಆರ್‌ಪಿಎಮ್‌ನಲ್ಲಿ ಎಳೆತ ಸಿಗುತ್ತದೆ. 4-1 ಮೇಲಿನ ಆರ್‌ಪಿಎಮ್‌ಗೆ, ರೇಸ್ ಟ್ರ್ಯಾಕಿಗೆ. ಖರೀದಿಸುವ ಮೊದಲು ನಿಮ್ಮ ಕಾರಿಗೆ ಹೆಡರ್ ಹಾಕಲಿಕ್ಕಾಗುತ್ತದೆಯೇ ನೋಡಿ. ಫೋಕ್ಸ್‌ವ್ಯಾಗನ್, ಸ್ಕೋಡಾದ 1.0 ಟಿಎಸ್‌ಐಯಲ್ಲಿ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನ ಒಳಗೇ ಎರಕವಾಗಿದೆ. ಹಲವು ಬಿಎಸ್6 ಕಾರುಗಳಲ್ಲಿ ಕ್ಯಾಟ್ ಮ್ಯಾನಿಫೋಲ್ಡಿಗೆ ತಾಗಿಕೊಂಡೇ ಇದೆ. ಅಲ್ಲಿ ಹೆಡರ್ ಅಂದರೆ ಕ್ಯಾಟ್ ತೆಗೆಯುವುದು ಎಂದೇ ಲೆಕ್ಕ.

ಕ್ಯಾಟ್ ತೆಗೆದು ಹಿಂದಿನ ಸೆನ್ಸರಿಗೆ ಸ್ಪೇಸರ್ ಹಾಕಿದ್ರೆ ಆಯ್ತಲ್ಲ?

ಸ್ಪೇಸರ್ ಅಂದರೆ ಸೆನ್ಸರನ್ನು ಹೊಗೆಯ ಹರಿವಿನಿಂದ ಹಿಂದೆ ಸರಿಸುವ ತುಂಡು. ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಕೋಡ್ ಬಂದು ಚೆಕ್ ಲೈಟ್ ಹತ್ತದಿರಲಿ ಎಂದು ಮಾಡುವ ಉಪಾಯ ಅದು. ಎಂಜಿನ್ನಿಗೆ ಅದರಿಂದ ಏನೂ ಸಿಗುವುದಿಲ್ಲ, ಹೊಗೆ ಟೆಸ್ಟ್ ಫೇಲ್ ಆಗುವುದು ತಪ್ಪುವುದಿಲ್ಲ, ಕೆಲವು ಕಾರುಗಳ ಇಸಿಯು ಹಿಂದಿನ ಸೆನ್ಸರನ್ನೂ ಮಿಶ್ರಣ ಸರಿಪಡಿಸಲು ಬಳಸುವುದರಿಂದ ಅದೂ ದಾರಿ ತಪ್ಪುತ್ತದೆ. ಟರ್ಬೊ ಇಲ್ಲದ ಸಣ್ಣ ಎಂಜಿನ್ನಿನಲ್ಲಿ ಆರೋಗ್ಯವಾಗಿರುವ ಕ್ಯಾಟ್ ತಿನ್ನುವ ಶಕ್ತಿ ತೀರಾ ಕಡಿಮೆ. ಬೆಲೆಬಾಳುವ ಪ್ಲಾಟಿನಂ, ಪೆಲ್ಲೇಡಿಯಂ, ರೋಡಿಯಂ ಇರುವ ಭಾಗವನ್ನು ಬಿಚ್ಚಿಸಿ ಗ್ಯಾರೇಜಿನಲ್ಲೇ ಬಿಟ್ಟುಬರುವವರ ಬಗ್ಗೆ ಎಂತ ಹೇಳುವುದು!

ಟರ್ಬೊ ಕಾರಿಗಾದ್ರೆ ಲಾಭ ಉಂಟಲ್ವಾ?

ಉಂಟು. ಟರ್ಬೈನಿನ ಮುಂದೆ ಹಿಂದೆ ಒತ್ತಡದ ವ್ಯತ್ಯಾಸ ಹೆಚ್ಚಾದಷ್ಟೂ ಅದು ಬೇಗ ತಿರುಗುತ್ತದೆ, ಆದ್ದರಿಂದ ಟರ್ಬೊದ ನಂತರದ ಡೌನ್‌ಪೈಪ್ ಸಲೀಸಾದರೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಬೇಗ ಬರುತ್ತದೆ. ಆದರೆ ಇಸಿಯು ಟ್ಯೂನ್ ಮಾಡದಿದ್ದರೆ ಅದು ತನಗೆ ಹೇಳಿದ ಬೂಸ್ಟಿಗೇ ನಿಲ್ಲಿಸುತ್ತದೆ. ಬಂದ ಲಾಭದ ದೊಡ್ಡ ಪಾಲು ಟ್ಯೂನಿನದ್ದು. ಹೆಚ್ಚಾದ ಹೊಗೆಯನ್ನು ಟರ್ಬೈನ್ ತಪ್ಪಿಸಿ ಬಿಡುವ ವೇಸ್ಟ್‌ಗೇಟ್ ಸಣ್ಣದಿದ್ದರೆ ಬೂಸ್ಟ್ ಹಿಡಿತ ತಪ್ಪಿ ಪಿ0234 ಕೋಡ್ ಬರುತ್ತದೆ. ಗೇರ್‌ಬಾಕ್ಸನ್ನೂ ಮರೆಯಬೇಡಿ: ಫೋಕ್ಸ್‌ವ್ಯಾಗನ್, ಸ್ಕೋಡಾದ 1.5 ಟಿಎಸ್‌ಐ ಕೊಡುವ 250 ನ್ಯೂಟನ್ ಮೀಟರ್ ಟಾರ್ಕ್, ಅದರ ಜೊತೆ ಬರುವ ಡ್ರೈ ಕ್ಲಚ್ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಡೆಯುವ ಮಿತಿಯೂ ಹೌದು.

ಬಿಎಸ್6 ಡೀಸೆಲ್ಲಿನ ಡಿಪಿಎಫ್ ಪದೇ ಪದೇ ತುಂಬ್ತದೆ, ತೆಗೆಸಿಬಿಡುವುದಾ?

ಬೇಡ. ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ತನ್ನೊಳಗಿನ ಮಸಿಯನ್ನು 550ರಿಂದ 650 ಡಿಗ್ರಿಯಲ್ಲಿ ಸುಡುತ್ತದೆ. ಅದು ನಡೆಯುತ್ತಿರುವಾಗಲೇ ಎಂಜಿನ್ ಆಫ್ ಮಾಡುವುದು, ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸುವುದು ತುಂಬಲಿಕ್ಕೆ ಮುಖ್ಯ ಕಾರಣ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ 2,000 ಆರ್‌ಪಿಎಮ್ ಮೇಲಿಟ್ಟು 20 ನಿಮಿಷ ಓಡಿಸಿ. ಮಂಗಳೂರಿಗೆ ಒಮ್ಮೆ ಹೋಗಿಬಂದರೆ ಅದೇ ಆಯಿತು. ಸುಡಲು ಹೆಚ್ಚುವರಿಯಾಗಿ ಚಿಮುಕಿಸಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಕೆಳಗಿಳಿದು ಎಂಜಿನ್ ಆಯಿಲಿಗೆ ಸೇರುತ್ತದೆ, ಹಾಗಾಗಿ ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿದ್ದರೆ ಆಯಿಲ್ ಬದಲಿಸಿ. ಆಯಿಲ್ ಕಡಿಮೆ ಬೂದಿಯದ್ದೇ ಆಗಬೇಕು, ಉದಾಹರಣೆಗೆ ಎಸಿಇಎ ಸಿ3 ದರ್ಜೆಯದ್ದು.

ಕಾಲು ತೆಗೆದಾಗ ಪಟಪಟ ಸಿಡಿಯುವ ಹಾಗೆ ಮಾಡ್ಬಹುದಾ?

ಸಿಡಿಯುವುದು ಸಿಲಿಂಡರಿನಲ್ಲಿ ಉರಿಯದೆ ಎಕ್ಸಾಸ್ಟಿಗೆ ಬಂದ ಪೆಟ್ರೋಲ್. ಅದು ಕ್ಯಾಟಿನೊಳಗೆ ಉರಿದರೆ ಸೆರಾಮಿಕ್ ಕರಗುತ್ತದೆ, ವಾಲ್ವಿಗೂ ಟರ್ಬೊಗೂ ಬಿಸಿ ಹೆಚ್ಚು. ಶಕ್ತಿಗೆ ಇದರಿಂದ ಏನೂ ಸಂಬಂಧವಿಲ್ಲ.

ಖರ್ಚು ಮಾಡಿದ್ದಕ್ಕೆ ನಿಜವಾಗಿ ಲಾಭ ಆಯ್ತಾ ಅಂತ ಅಳೆಯುವುದು ಹೇಗೆ?

ಬದಲಿಸುವ ಮೊದಲೇ ಒಮ್ಮೆ ಅಳೆಯಬೇಕು. ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಸರಿಯಾದದ್ದು ಡೈನೊ, ಅಂದರೆ ಕಾರಿನ ಶಕ್ತಿ ಅಳೆಯುವ ಯಂತ್ರ: ಅದೇ ಯಂತ್ರ, ಅದೇ ಗೇರ್, ಮೊದಲು ಮೂರು ಸಲ, ನಂತರ ಮೂರು ಸಲ. ಡೈನೊ ಸಿಗದಿದ್ದರೆ ಓಬಿಡಿ ಲಾಗ್. ಖಾಲಿ, ಸಪಾಟಾದ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 2,000ದಿಂದ ಆ ರಸ್ತೆಯ ವೇಗಮಿತಿಯೊಳಗೆ ಬರುವ ಒಂದು ಆರ್‌ಪಿಎಮ್‌ವರೆಗೆ ಪೂರ್ತಿ ಒತ್ತಿ, ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಿರಿ. ಪೆಟ್ರೋಲಿನ ಮಟ್ಟ, ಟೈರಿನ ಗಾಳಿ, ಕೂತವರ ಸಂಖ್ಯೆ ಒಂದೇ ಇರಲಿ, ಎಸಿ ಆಫ್ ಇರಲಿ.

ಎಂಜಿನ್ ಎಳೆಯುವ ಗಾಳಿಯ ಉಷ್ಣತೆಯನ್ನೂ ಬರೆದಿಡಿ. ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು 3 ಶೇಕಡಾ ಇಳಿಯುತ್ತದೆ. 85 ಎಚ್‌ಪಿ ಕಾರಿನಲ್ಲಿ 2 ಎಚ್‌ಪಿ ಲಾಭ ಅಂದರೆ ಸುಮಾರು 2.4 ಶೇಕಡಾ ಮಾತ್ರ. ಎಪ್ರಿಲ್ ಮಧ್ಯಾಹ್ನ ಮೊದಲ ಓಟ, ಜುಲೈ ಮಳೆಯ ಬೆಳಿಗ್ಗೆ ಎರಡನೆಯದ್ದು ಓಡಿಸಿದರೆ ಏನೂ ಬದಲಿಸದೆಯೂ ಅಷ್ಟು ಲಾಭ ಕಾಣುತ್ತದೆ. ಹತ್ತು ಸೆಕೆಂಡಿನ ಓಟದಲ್ಲಿ ಅದು 0.2 ಸೆಕೆಂಡಿನಷ್ಟು. ಮೊಬೈಲಿನ ಸ್ಟಾಪ್‌ವಾಚ್ ಒತ್ತುವ ಬೆರಳಿನ ತಪ್ಪೇ ಅಷ್ಟಿರುತ್ತದೆ.